ಮಾವನ ಕಿವಿಯಲ್ಲಿ ಹೆಜ್ಜೆ ಸದ್ದು

ಹೆಡ್‌ಸೆಟ್ ಹಾಕಿದ ಕೂಡಲೇ, ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನನ್ನ ಮಾವ ಕಣ್ಣು ಮುಚ್ಚಿದರು. ಅದನ್ನು ರಾಬರ್ಟ್‌ಸನ್‌ಪೇಟೆಯ ಅಂಗಡಿಯಿಂದ ಹಿಂದಿನ ದಿನವಷ್ಟೇ ತಂದದ್ದು. ಮನೆಯಲ್ಲಿ ಗೇಮ್ ಆಡುವವಳು ನಾನು. ಸ್ವಲ್ಪ ಹೊತ್ತಿಗೇ ಕಿವಿಯ ಸುತ್ತ ಬಿಗಿಯುತ್ತಿತ್ತು. ಬದಲಾಯಿಸುವ ಮೊದಲು ಇನ್ನೊಂದು ತಲೆಗೂ ಹಾಕಿ ನೋಡೋಣವೆಂದು ಅವರನ್ನು ಕೂರಿಸಿದ್ದೆ.

"ಗಣಿ ಎಲ್ಮೆಟ್‌ಗಿಂತ ಮೆತ್ತಗೈತೆ," ಎಂದರು.

ನಾನು ಆಟವನ್ನು ಗುಹೆಯೊಳಗೆ ನಡೆಸಿದೆ. ನನಗೇನೂ ಕೇಳಿಸುತ್ತಿರಲಿಲ್ಲ. ಆದರೆ ಎಡಗಡೆ ನೀರು ತೊಟ್ಟಿಕ್ಕಿದ್ದು, ಆಟದ ಜೊತೆಗಾರನ ಬೂಟಿನ ಸದ್ದು ಬೆನ್ನ ಹಿಂದೆ ಬಂದದ್ದು ಮಾವನ ಮುಖ ತಿರುಗಿದ ರೀತಿಯಲ್ಲೇ ತಿಳಿಯುತ್ತಿತ್ತು. ಕಣ್ಣು ತೆರೆಯದೆಯೇ ಎದ್ದು, ಊರುಗೋಲಿನಿಂದ ಊರಿಗಾಂನ ಗಣಿ ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆಯ ತಗ್ಗು ಸೂರನ್ನು ಟಕ್ ಟಕ್ ಎಂದು ತಟ್ಟಿದರು. ಒಂದು ಕಿವಿಯಿಂದ ಹೆಡ್‌ಸೆಟ್ ಸರಿಸಿ ಆ ಸದ್ದನ್ನು ಆಲಿಸಿದರು. ಗಣಿಯಲ್ಲಿ ಹೆಜ್ಜೆ ಮುಂದಿಡುವ ಮೊದಲು ತಲೆ ಮೇಲಿನ ಬಂಡೆಯನ್ನು ಹೀಗೇ ತಟ್ಟಿ ನೋಡುತ್ತಿದ್ದರಂತೆ. ಟೊಳ್ಳು ಸದ್ದು ಬಂದರೆ ಹಿಂದಿನವರನ್ನು ತಡೆಯಬೇಕು.

"ಬೆನ್ನಿಂದೆ ಯಾರೋ ಬತ್ತಾವ್ನೆ ಕಣಮ್ಮಾ. ಅಲ್ಲೇ ನಿಂತ್ಕೊ ಅನ್ನು, ಬಂಡೆ ಸಡ್ಲ ಐತೆ."

ಆಟ ನಿಲ್ಲಿಸುವ ಗುಂಡಿ ಒತ್ತಿದೆ, ಜೊತೆಗಾರನ ಹೆಜ್ಜೆಯೂ ನಿಂತಿತು. ಮಾವನ ಭುಜಗಳು ನಿಧಾನವಾಗಿ ಇಳಿದವು.

"ಈ ಸಲ ನಿಂತ್ಕಂಡ," ಎಂದು ನಕ್ಕರು.

ಗಣಿಯಲ್ಲಿ ಆ ಸಲ ನಿಲ್ಲದೆ ಹೋದವನು ಯಾರೆಂದು ನಾನು ಕೇಳಲಿಲ್ಲ. ಹೆಡ್‌ಸೆಟ್ ಈಗಲೂ ಬಿಗಿಯೇ, ಬದಲಾಯಿಸಿಲ್ಲ. ಆ ಗುಹೆಗೆ ಬಂದಾಗಲೆಲ್ಲ ಆಟ ನಿಲ್ಲಿಸಿ, ಒಂದು ಗಳಿಗೆ ಸೂರು ನೋಡುತ್ತೇನೆ.