ಅಕ್ಕನ ಹೆಸರು ಬರೆಯಲು ಸಿಂಗಪುರಕ್ಕೆ

ಸಿಂಗಪುರದಲ್ಲಿ ಇಳಿದಾಗ ಬೆಳಿಗ್ಗೆ ಏಳೂವರೆ. ನನ್ನ ಗಡಿಯಾರದಲ್ಲಿ ಇನ್ನೂ ಐದು. ನಡುವಿನ ಎರಡೂವರೆ ಗಂಟೆ ಎಲ್ಲಿ ಹೋಯಿತೆಂದು ಯಾರನ್ನೂ ಕೇಳಲಿಲ್ಲ. ತೊಡೆಯ ಮೇಲಿನ ಗಂಟು ಭದ್ರವಾಗಿದೆಯೇ ಎಂಬುದಷ್ಟೇ ನನ್ನ ಚಿಂತೆ. ಹಳೆಯ ಸೀರೆಯಲ್ಲಿ ಸುತ್ತಿದ ನಮ್ಮ ಮನೆಯ ಸತ್ಯವೇದ, ಅಂದರೆ ಬೈಬಲ್, ನಾಲ್ಕು ಕಿಲೋ. ಅದಕ್ಕಾಗಿ ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲ ತುಮಕೂರಿನಲ್ಲೇ ಬಿಟ್ಟು ಬಂದಿದ್ದೆ.

ನನಗೆ ಬರುವುದು ಭಾನುವಾರದ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರ ಮಾತ್ರ. ವಿಮಾನದಲ್ಲಿ ಕೊಟ್ಟ ಚೀಟಿಯನ್ನು ಪಕ್ಕದ ಬೆಂಗಳೂರು ಹುಡುಗಿ ತುಂಬಿದ್ದಳು.

“ಆಂಟಿ, ಯಾಕೆ ಬಂದಿದೀರ ಅಂತ ಹಾಕ್ಲಿ? ಟೂರಾ?”

“ನಮ್ಮಕ್ಕನ ಹೆಸರು ಬರೆಯೋಕೆ ಅಂತ ಹಾಕಮ್ಮ.”

“ಅದಕ್ಕೆ ಕಾಲಮ್ ಇಲ್ಲ ಆಂಟಿ” ಎಂದು ನಕ್ಕು, ಟೂರ್ ಎಂದೇ ಹಾಕಿದಳು.

ನಮ್ಮ ಮನೆತನದವರ ಹೆಸರೆಲ್ಲ ಆ ಪುಸ್ತಕದ ಮೊದಲ ಹಾಳೆಯಲ್ಲಿದೆ. ಬರೆಯುವಾಗ ಹೆಸರಿನವರು ಎದುರಿಗೆ ಕೂತು ಹಾಳೆಯ ಮೇಲೆ ಬೆರಳಿಡಬೇಕು. ಕೂಸಾದರೆ ಬೆರಳು ಹಿಡಿದು ಇಡಿಸುತ್ತಾರೆ. ಅಕ್ಕ ಕರುಣಮ್ಮ ಐವತ್ತೆರಡು ವರ್ಷದ ಹಿಂದೆ ಬೇರೆ ಮತದವನನ್ನು ಮದುವೆಯಾಗಿ ಹಡಗು ಹತ್ತಿದಳು. ಅವಳ ಹೆಸರಿನ ಮೇಲೆ ಗೆರೆ ಬಿತ್ತು. ಅಪ್ಪ ಹೋದರು, ಅವಳ ಗಂಡನೂ ಹೋದ. ಊರಿಗೆ ಬಾರೇ ಎಂದರೆ ಫೋನಿನಲ್ಲಿ ಒಂದೇ ಮಾತು: “ನನ್ನ ಹೆಸರಿಲ್ಲದ ಮನೆಗೆ ಯಾಕೆ ಬರ್ಲಿ?” ಅವಳು ಎದುರಿಗಿಲ್ಲದೆ ಬರೆಯುವ ಹಾಗಿಲ್ಲ, ಬರೆಯದೆ ಅವಳು ಬರುವುದಿಲ್ಲ. ಸರಿ, ಪುಸ್ತಕವೇ ಹೋಗಲಿ ಎಂದು ಪಾಸ್‌ಪೋರ್ಟ್ ಮಾಡಿಸಿದೆ.

ಕರೆದೊಯ್ಯಲು ಅಕ್ಕನ ಮಗಳು ಶೀಲಾ ಬಂದಿದ್ದಳು. ಎಂಆರ್‌ಟಿ ರೈಲಿನಲ್ಲಿ ಇಬ್ಬರಿಗೂ ಸೇರಿ ನಾಲ್ಕು ಡಾಲರಿನೊಳಗೆ ಆಯಿತು. ದಾರಿಯುದ್ದಕ್ಕೂ ಕ್ರೇನುಗಳು, ಕಟ್ಟಿದ ಮನೆ ಸಾಲದೆಂಬಂತೆ ಇನ್ನೂ ಕಟ್ಟುತ್ತಲೇ ಇದ್ದರು. ಜುರಾಂಗ್ ಈಸ್ಟ್‌ನಲ್ಲಿ ಗಾಡಿ ಬದಲಿಸುವಾಗ ಓಡುವ ಮೆಟ್ಟಿಲು ಸಿಕ್ಕಿತು. ಒಂದು ಸಲ ಇಳಿದೆ. ಬಹಳ ಚೆನ್ನಾಗಿತ್ತು.

“ಶೀಲಾ, ಇನ್ನೊಂದು ಸಲ ಹೋಗಿ ಬರೋಣ.”

“ಚಿಕ್ಕಮ್ಮ, ಟ್ರೈನ್ ಮಿಸ್ ಆಗುತ್ತೆ!”

ರೈಲು ಇನ್ನೊಂದು ಬರುತ್ತದೆ ಎಂದು ಮತ್ತೆ ಹತ್ತಿ ಇಳಿದೆ.

ಬುಕಿತ್ ಬಾಟೋಕ್‌ನಲ್ಲಿ ಅವರ ಮನೆ ಹನ್ನೊಂದನೇ ಮಹಡಿ. ಕೆಳಗೆ ಗೋಡೆಯಿಲ್ಲದ ಜಾಗ, ವಾಯ್ಡ್ ಡೆಕ್ ಅನ್ನುತ್ತಾರೆ. ಅಲ್ಲಿ ಕಲ್ಲು ಬೆಂಚಿನ ಮೇಲೆ ಅಕ್ಕ ಕೂತಿದ್ದಳು.

“ಏನೇ ರತ್ನ, ಇಷ್ಟು ಕುಳ್ಳಿಯಾಗಿದೀಯ?”

“ನೀನು ಹಲ್ಲೆಲ್ಲ ಎಲ್ಲಿಟ್ಟೆ?”

ಇಬ್ಬರೂ ಅಳಲಿಲ್ಲ. ಆದರೆ ಗಂಟನ್ನು ಅವಳು ಮುಟ್ಟಲಿಲ್ಲ. “ಭಾನುವಾರ. ನಾಲ್ಕು ಜನರ ಎದುರಿಗೆ ಬರಿ” ಎಂದಳು. ಅಲ್ಲಿಗೆ ಎರಡು ದಿನವಿತ್ತು. ಸೆಕೆಯಲ್ಲಿ ಸುತ್ತಿದೆವು, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಮೀನುಸಾರು ಅನ್ನ ತಿಂದೆವು. ಖಾರ ಕಡಿಮೆ.

ಭಾನುವಾರ ಜುರಾಂಗ್ ಈಸ್ಟ್‌ನ ಒಂದು ಮನೆಯಲ್ಲಿ ಕನ್ನಡದವರ ಪ್ರಾರ್ಥನೆ. ಯೆಹೂದ್ಯರು ಬಾಬೆಲಿನ ಸೆರೆಯಿಂದ ಊರಿಗೆ ಮರಳಿದ ಅಧ್ಯಾಯ ಓದಿಸಿ ಎಂದು ಅಕ್ಕನೇ ಹೇಳಿದ್ದಳು. ಓದುತ್ತಿದ್ದ ಇಂಜಿನಿಯರ್ ಅರ್ಧಕ್ಕೆ ನಿಂತ. “ಆಂಟಿ, ಬರೀ ಹೆಸರುಗಳೇ ಇವೆ. ಸ್ಕಿಪ್ ಮಾಡ್ಲಾ?”

“ಒಂದೂ ಬಿಡ್ಬೇಡಪ್ಪ” ಎಂದಳು ಅಕ್ಕ.

ಬಿಡದೆ ಓದಿದ. ಅದರಲ್ಲಿ ಬರ್ಜಿಲ್ಲೈ ಮನೆತನ ಬಂತು. ಅವರ ಹಿರಿಯನೊಬ್ಬ ಹೆಂಡತಿಯ ಕಡೆಯ ಹೆಸರು ಹಿಡಿದಿದ್ದನಂತೆ. ಆ ಸಂತಾನದವರೂ ಎಲ್ಲರಂತೆ ಅಷ್ಟು ದೂರ ನಡೆದು ಬಂದರು. ಪಟ್ಟಿಯಲ್ಲಿ ಹುಡುಕಿದರೆ ಅವರ ಹೆಸರಿಲ್ಲ. ಯಾಜಕರ ಕೆಲಸಕ್ಕೆ ಬರಬೇಡಿ ಎಂದರು. ಇದೆಂಥ ನ್ಯಾಯವೋ. ಆಮೇಲೆ ಒಂಟೆ, ಕತ್ತೆಗಳ ಲೆಕ್ಕ ಬಂತು.

ಅಕ್ಕ ನನ್ನ ಕಡೆ ತಿರುಗಿದಳು. “ಕತ್ತೆಗಳನ್ನೂ ಎಣಿಸಿ ಬರೆದವ್ರೆ ನೋಡು. ಅಪ್ಪನಿಗೆ ನಾನು ಕತ್ತೆಗಿಂತ ಕಡೆಯಾದೆ.”

“ಗೆರೆ ಎಳೆದದ್ದು ಅಪ್ಪ ಅಲ್ಲ” ಎಂದೆ. “ನಾನು.”

ಎಲ್ಲರೆದುರೇ ಹೇಳಿಬಿಟ್ಟೆ. ಅವಳು ಹೋದ ಮೇಲೆ ಅಪ್ಪ ಪೆನ್ನು ಹಾಳೆಯ ಮೇಲಿಟ್ಟು ಎತ್ತಿದರು. ಮತ್ತೆ ಇಟ್ಟು ಎತ್ತಿದರು. ಕೊನೆಗೆ ನನಗೆ ಕೊಟ್ಟು ಹೊರಗೆ ಹೋದರು. ನನಗೆ ಹದಿನಾಲ್ಕು ವರ್ಷ. ದೊಡ್ಡವರ ಪುಸ್ತಕ ನನ್ನ ಕೈಗೆ ಬಂತೆಂಬ ಹಿಗ್ಗು. ಒತ್ತಿ ಎಳೆದೆ, ಹಾಳೆ ಹರಿಯಿತು.

ಅಕ್ಕ ತಾನೇ ಗಂಟು ಬಿಚ್ಚಿ, ಹರಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

“ಅಪ್ಪನ ಕೈಲಿ ಆಗ್ಲಿಲ್ವಾ?”

“ಆಗಲಿಲ್ಲ.”

“ಎರಡು ಸಲ ಎತ್ತಿದ್ರಾ?”

“ಎರಡು ಸಲ.”

ಅದನ್ನೇ ಮತ್ತೆ ಕೇಳಿದಳು. ಅದನ್ನೇ ಮತ್ತೆ ಹೇಳಿದೆ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. “ನೀನು ಆವಾಗ್ಲೂ ಒರಟು ಕೈಯೋಳೇ. ಬರಿ. ಮೆತ್ತಗೆ.”

ಬರೆದೆ. ಅವಳದು, ಜೊತೆಗೆ ಬಂದಿದ್ದ ಮಕ್ಕಳದು, ಮೊಮ್ಮಕ್ಕಳದು, ಒಟ್ಟು ಒಂಬತ್ತು ಹೆಸರು. ಶೀಲಾಳ ಮಗಳು “ಅಜ್ಜಿ, ಮೈ ಟರ್ನ್ ಲಾ!” ಎಂದು ಐದೂ ಬೆರಳು ಇಟ್ಟಳು. ನನ್ನ ಅಕ್ಷರ ದಪ್ಪ. ಹಾಳೆ ಸಾಲದೆ ಅಂಚಿಗೆಲ್ಲ ಹತ್ತಿಸಿದೆ. ಡಿಸೆಂಬರಿನಲ್ಲಿ ಊರಿಗೆ ಬರಲು ಒಂಬತ್ತು ಟಿಕೆಟ್ ಅಂದೇ ಬುಕ್ ಮಾಡಿದರು.

ಹೊರಡುವ ದಿನ ಪುಸ್ತಕ ಸುತ್ತಲು ಹೋದರೆ ಅಕ್ಕ ಕೊಡಲಿಲ್ಲ. “ಆ ಜನ ಊರಿಗೆ ಹೋಗುವಾಗ ದೇವಾಲಯದ ಪಾತ್ರೆಗಳನ್ನ ತಾವೇ ಹೊತ್ಕೊಂಡು ಹೋದ್ರು. ಇದನ್ನ ನಾನೇ ತರ್ತೀನಿ.”

ಆ ಪುಸ್ತಕ ಎಂದೂ ನಮ್ಮ ಮನೆ ಬಿಟ್ಟು ಇದ್ದದ್ದಲ್ಲ. ಸುತ್ತಲು ತಂದ ಹಳೆಯ ಸೀರೆಯನ್ನೂ ಅವಳ ಕೈಗೇ ಕೊಟ್ಟೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆ ದಾಟಿ ತಿರುಗಿ ನೋಡಿದೆ. ಗಾಜಿನ ಆಚೆ ಅಕ್ಕ ನಿಂತಿದ್ದಳು, ನಾಲ್ಕು ಕಿಲೋ ಗಂಟನ್ನು ಕೂಸಿನಂತೆ ಸೊಂಟದ ಮೇಲಿಟ್ಟುಕೊಂಡು.