ಸೋಡಾ ಮಿಷನ್ನಿಗೆ ಅರಗಿನ ಅಂಚು

ಆಗ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಏಟು ತಿನ್ನದೆ ಬೆಳೆದ ಮಕ್ಕಳೇ ಇರಲಿಲ್ಲ. ಸ್ಕೂಲಲ್ಲಿ ಮೇಷ್ಟ್ರು ಹೊಡೆಯುತ್ತಿದ್ದರು, ಮನೆಯಲ್ಲಿ ಅಪ್ಪಂದಿರು ಹೊಡೆಯುತ್ತಿದ್ದರು. ಇಬ್ಬರೂ ಬಿಟ್ಟರೆ ನಾವು ನಾವೇ ಹೊಡೆದಾಡುತ್ತಿದ್ದೆವು. ಬುಗುರಿ ಆಟದಲ್ಲಿ ಸೋತವರ ಬುಗುರಿಯನ್ನು ನೆಲದಲ್ಲಿಟ್ಟು, ಅದು ಸೀಳಿ ಎರಡಾಗುವವರೆಗೆ ಗುನ್ನ ಹೊಡೆಯುತ್ತಿದ್ದೆವು. ಸಂಜೆಗೆ ಮತ್ತೆ ಎಲ್ಲರೂ ಒಂದೇ ಜಗಲಿ ಮೇಲೆ ಕೂತು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದೆವು. ಏಟೆಂದರೆ ಮಾಯುವಂಥದ್ದು. ನನಗೆ ಒಂಬತ್ತು ತುಂಬಿದ ಬೇಸಿಗೆಯವರೆಗೂ ನಾನು ಹಾಗೇ ತಿಳಿದಿದ್ದೆ.

ಆ ಬೇಸಿಗೆಯಲ್ಲಿ ಅಪ್ಪ ತಾತನ ಸೋಡಾ ಮಿಷನ್ನಿಗೆ ಕೈ ಹಾಕಿದ. ಅದೊಂದು ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಯಾವುದೋ ಟಾಕೀಸು ಮುಚ್ಚಿದಾಗ ತಾತ ಕೊಂಡು ತಂದು ತನ್ನ ಅಂಗಡಿಯಲ್ಲಿ ನಿಲ್ಲಿಸಿದ್ದನಂತೆ. ನಾಣ್ಯ ಹಾಕಿ ಗುಂಡಿ ಒತ್ತಿದರೆ ನಲ್ಲಿಯಿಂದ ಕಿತ್ತಳೆ ಬಣ್ಣದ ಸೋಡಾ ಬುಸ್ಸೆಂದು ಲೋಟಕ್ಕೆ ಬೀಳುತ್ತಿತ್ತಂತೆ. ನಾನು ಕಂಡಿದ್ದು ಮಾತ್ರ ಹಿತ್ತಲಿನ ತಗಡಿನ ಚಪ್ಪರದಡಿ ಕೋಳಿಗಳು ಹತ್ತಿ ಕೂರುತ್ತಿದ್ದ ತುಕ್ಕಿನ ಪೆಟ್ಟಿಗೆಯನ್ನು. ತಾತ ಸತ್ತು ಎರಡು ವರ್ಷವಾಗಿತ್ತು. ಅಂಗಡಿಯನ್ನು ಮತ್ತೆ ತೆರೆಯಬೇಕು, ಅದರ ಬಾಗಿಲಲ್ಲಿ ಈ ಮಿಷನ್ನು ನಿಲ್ಲಬೇಕು ಎನ್ನುವುದು ಅಪ್ಪನ ಆಸೆ.

ಒಳಗಿನ ಪಂಪು, ಕೊಳವೆಗಳನ್ನು ರಾಮನಗರದ ಮೆಕ್ಯಾನಿಕ್ ಒಬ್ಬರು ಬಂದು ಸರಿಮಾಡಿಕೊಟ್ಟರು. ಉಳಿದದ್ದು ಅಂದ. ಪೆಟ್ಟಿಗೆಯ ಅಂಚುಗಳಿಗೂ ಲೋಟ ಇಡುವ ಬಾಯಿಯ ಸುತ್ತಲೂ ಹೊಳೆಯುವ ಸ್ಟೀಲಿನ ಪಟ್ಟಿ ಹೊಡೆದಿದ್ದರು. ಅವೆಲ್ಲ ಸೊಟ್ಟಾಗಿ, ಅಲ್ಲಲ್ಲಿ ಹರಿದು ನಿಂತಿದ್ದವು. ಅಂಥ ಪಟ್ಟಿ ಎಲ್ಲೂ ಸಿಗಲಿಲ್ಲ. ಅಪ್ಪ ತಲೆಮೇಲೆ ಕೈಹೊತ್ತು ಕೂತಾಗ ಅವ್ವ ಕೇಳಿದಳು: "ಮರದ್ದು ಮಾಡ್ಕೊಟ್ರೆ ಆಗಕಿಲ್ವಾ?"

ಅವ್ವ ಮನೆಯ ಪಡಸಾಲೆಯಲ್ಲೇ ಲೇತ್ ಇಟ್ಟುಕೊಂಡು ಬೊಂಬೆ ಕಡೆಯುತ್ತಿದ್ದವಳು. ಅಂಚಿಗಾಗಿ, ಬೊಂಬೆಗೆ ಬಳಸುವ ಆಲೆ ಮರದ ಎರಡು ಸೀಳುಗಳ ನಡುವೆ ಕಾಗದವಿಟ್ಟು ಗೋಂದು ಹಚ್ಚಿ ಒಂದು ಮಾಡುತ್ತಿದ್ದಳು. ಅದನ್ನು ದುಂಡಗೆ ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಅರಗು ಬಿಸಿಗೆ ಕರಗಿ ಕೆಂಪು, ಹಳದಿ ಪಟ್ಟೆಗಳಾಗಿ ಹಿಡಿಯುತ್ತಿತ್ತು. ತಾಳೆಗರಿ ಒತ್ತಿ ಹೊಳಪು ಬರಿಸಿದ ಮೇಲೆ ಕಾಗದವಿದ್ದಲ್ಲಿ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟರೆ ಕಟ್ಟಿಗೆ ಸಲೀಸಾಗಿ ಎರಡಾಗುತ್ತಿತ್ತು. ಒಂದು ಮಗ್ಗುಲು ದುಂಡು, ಇನ್ನೊಂದು ಚಪ್ಪಟೆ. ಅಂಥವನ್ನು ಗೇಣುದ್ದಕ್ಕೆ ಒಂದರ ಪಕ್ಕ ಒಂದು ಕೂರಿಸಿ ಸ್ಕ್ರೂ ಬಿಗಿದರೆ ಮಿಷನ್ನಿಗೆ ಹೊಸ ಅಂಚು. ಇಡೀ ಮನೆ ಬಿಸಿ ಅರಗಿನ ವಾಸನೆಯಲ್ಲಿ ಅದ್ದಿದಂತಿತ್ತು.

ಹಳೆಯ ಪಟ್ಟಿ ಕೀಳುವುದು ಮಾತ್ರ ರಕ್ತದ ಕೆಲಸ. ಅಪ್ಪ ಉಳಿ, ಸುತ್ತಿಗೆಯಲ್ಲಿ ರಿವಿಟ್ ಹಾರಿಸಿದಾಗ ಪಟ್ಟಿ ಹಾವಿನಂತೆ ಚಿಮ್ಮಿ ಬರುತ್ತಿತ್ತು. ಅದರ ಅಂಚು ಬ್ಲೇಡು. ಅಪ್ಪನ ಎರಡೂ ಅಂಗೈ ಸೀಳಿದ್ದವು. ಕಿತ್ತ ಪಟ್ಟಿಯ ಒಂದು ತುದಿಗೆ ಚಿಂದಿ ಬಟ್ಟೆ ಸುತ್ತಿ ಗೋಣಿಚೀಲಕ್ಕೆ ಇಳಿಬಿಡುವುದು ನನ್ನ ಕೆಲಸ. "ಉಸಾರು ಪದ್ದಿ, ಬೆರಳೇ ತುಂಡಾಗೋಯ್ತದೆ" ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ನಮ್ಮ ಜೊತೆ ಚಿಕ್ಕಪ್ಪನೂ ಇದ್ದ. ಅಪ್ಪನ ತಮ್ಮ ಸಿದ್ದರಾಜು. ಇನ್ನೂ ಮದುವೆಯಾಗಿರಲಿಲ್ಲ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಡೆ ಕೆಲಸ. ಕುದಿನೀರಲ್ಲಿ ಅದ್ದಿ ಅದ್ದಿ ಅವನ ಬೆರಳುಗಳು ಬೇಯಿಸಿದ ಗೆಣಸಿನಂತೆ ಬೆಳ್ಳಗಾಗಿದ್ದವು. ನನ್ನ ಮೇಲೆ ಎಂದೂ ಕೈಯೆತ್ತದ ದೊಡ್ಡವನೆಂದರೆ ಅವನೊಬ್ಬನೇ. ಮಿಷನ್ನಿನ ಕೆಲಸ ಶುರುವಾದ ಮೇಲೆ ಅವನು ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಹಿತ್ತಲಿಗೆ ಬಂದು ನಿಂತು ಹೇಳಿದ:

"ಅಣ್ಣ, ಇದ್ನ ಗುಜರಿಗೆ ಹಾಕ್ಬುಡು."

"ಅಪ್ಪನ ನೆನಪು ಕಣ್ಲಾ ಇದು."

"ನಿಂಗೆ ನೆನಪು. ನನ್ನ ಇದಕ್ಕೇ ಕಟ್ಟಾಕಿ ಬೆಲ್ಟಲ್ಲಿ ಬಾರಿಸ್ತಿದ್ನಲ್ಲ, ಮರ್ತ್ಬುಟ್ಯಾ? ಅಂಗಡಿಗೆ ಬಂದೋರೆಲ್ಲ ನೋಡ್ಕಂಡು ಓಗೋರು. ನೀನು ಅಲ್ಲೇ ನಿಂತ್ಕಂಡು ಸೋಡಾ ಕುಡೀತಿದ್ದೆ."

ಅಪ್ಪ ಸುತ್ತಿಗೆ ಕೆಳಗಿಡಲಿಲ್ಲ. "ತಪ್ ಮಾಡ್ದೆ, ತಿಂದೆ. ಯಾರ್ ತಿಂದಿಲ್ಲ ಬುಡ್ಲಾ" ಎಂದ. ಚಿಕ್ಕಪ್ಪ ಹೊರಟುಹೋದ.

ಇದಾದ ಮೂರನೆಯ ದಿನ ಬೆಳಿಗ್ಗೆ ಮಿಷನ್ನಿನ ಮುಂಭಾಗ ಮುಗಿಯುತ್ತ ಬಂದಿತ್ತು. ಕೆಂಪು, ಹಳದಿ ಅಂಚು ಬಿಸಿಲಿಗೆ ಹೊಸ ಬಳೆಯಂತೆ ಹೊಳೆಯುತ್ತಿತ್ತು. ಬಾಯಿಯ ಮೇಲಿನ ಕೊನೆಯ ತುಂಡು ಬಿಗಿಯಲು ನೆರಳು ಬೇಕೆಂದು ಅಪ್ಪ, ಅವ್ವ ಸೇರಿ ಮಿಷನ್ನನ್ನು ಪಡಸಾಲೆಗೇ ತಳ್ಳಿ ತಂದಿದ್ದರು. ಅಪ್ಪ ಸ್ಕ್ರೂ ತಿರುಗಿಸುತ್ತ "ಹೆಂಗೈತೆ?" ಎಂದು ಕೇಳಿದ. ಅವ್ವ ಉತ್ತರ ಕೊಡುವ ಮೊದಲೇ ಚಿಕ್ಕಪ್ಪ ಎಳನೀರು ಕೊಚ್ಚುವ ಮಚ್ಚು ಹಿಡಿದು ಒಳಗೆ ಬಂದ.

ಮೊದಲ ಏಟು ಹೊಸ ಅಂಚಿಗೆ ಬಿತ್ತು. ಕೆಂಪು ಅರಗಿನ ಚೂರು ನನ್ನ ಮುಖಕ್ಕೆ ಸಿಡಿಯಿತು. ಎರಡನೆಯದು, ಮೂರನೆಯದು. "ಸಿದ್ರಾಜೂ, ಬ್ಯಾಡ ಕಣಪ್ಪೋ!" ಎಂದು ಅವ್ವ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಅವ್ವ ಲೇತಿನ ಕಬ್ಬಿಣಕ್ಕೆ ಹಣೆ ಬಡಿಸಿಕೊಂಡು ಕುಸಿದಳು. ಅವಳ ಹುಬ್ಬಿನ ಮೇಲಿಂದ ರಕ್ತ ಇಳಿಯತೊಡಗಿತು. ಅದನ್ನು ಕಂಡು ಚಿಕ್ಕಪ್ಪನ ಕೈಯಿಂದ ಮಚ್ಚು ಜಾರಿತು. ಅಷ್ಟರಲ್ಲಿ ಅಪ್ಪ ಅವನ ಮೇಲೆ ಎರಗಿದ್ದ.

ಇಬ್ಬರೂ ಉರುಳಿದರು. ಮರದ ಹೊಟ್ಟು ಎದ್ದು ಮನೆಯೆಲ್ಲ ಮಬ್ಬಾಯಿತು. ಅಪ್ಪ ಗುದ್ದಿದ, ಚಿಕ್ಕಪ್ಪ ಕಚ್ಚಿದ. ಕೊನೆಗೆ ಚಿಕ್ಕಪ್ಪ ಮೇಲಾದ. ಅಪ್ಪನ ಎದೆಯ ಮೇಲೆ ಮಂಡಿಯೂರಿ, ಆ ಬೆಳ್ಳನೆಯ ಬೆರಳುಗಳಿಂದ ಕುತ್ತಿಗೆ ಹಿಡಿದ. "ಕಟ್ಟಾಕಿ ಹೊಡೀತಿದ್ದ ಕಣೋ, ನೋಡ್ತಾ ಇದ್ಯಲ್ಲೋ" ಎಂದು ಒಂದೇ ಸಮ ಅರಚುತ್ತಿದ್ದ. ಅಪ್ಪನ ಮುಖ ಕಪ್ಪಿಟ್ಟಿತು. ನೆಲದ ಮೇಲೆ ತಡಕಾಡುತ್ತಿದ್ದ ಅವನ ಕೈ ನನ್ನ ಕಡೆ ಚಾಚಿಕೊಂಡಿತು.

"ಪದ್ದೀ... ಕೊಡೇ ಅದ್ನ!"

ಮಿಷನ್ನಿನ ಜೊತೆಗೇ ಒಳಗೆ ತಂದಿಟ್ಟಿದ್ದ ಕಿತ್ತ ಪಟ್ಟಿಗಳ ಗೋಣಿಚೀಲ ನನ್ನ ಪಕ್ಕದಲ್ಲೇ ಇತ್ತು. ಅಪ್ಪ ಏನು ಕೇಳುತ್ತಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಅಂಚು ಎಂಥದೆಂದೂ ಗೊತ್ತಿತ್ತು. ಹೆದರಿ ಕೊಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಅವ್ವನ ರಕ್ತ ನೋಡಿದ್ದೆ. ಹೊಡೆಯಲಿ ಎಂದು ನನಗೂ ಅನ್ನಿಸಿತ್ತು. ಚೀಲದಿಂದ ಮೊಳದುದ್ದದ ಪಟ್ಟಿ ಎಳೆದು, ಅಪ್ಪನ ಕೈ ಕುಯ್ಯದಿರಲೆಂದು ಬಟ್ಟೆ ಸುತ್ತಿದ ತುದಿಯನ್ನೇ ಅವನ ಕೈಗಿಟ್ಟೆ.

ಒಂದೇ ಬೀಸು. ಚಿಕ್ಕಪ್ಪ ಕಿರುಚಲಿಲ್ಲ. ಮುಖದ ಎಡಭಾಗವನ್ನು ಅಂಗೈಯಿಂದ ಮುಚ್ಚಿಕೊಂಡು ಹಿಂದಕ್ಕೆ ಕೂತ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಹರಿಯಿತು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕ ಹುಡುಗನ ದನಿಯಲ್ಲಿ ಹೇಳಿದ: "ಅಣ್ಣ, ಕಾಣ್ತಿಲ್ಲ ಕಣಣ್ಣ."

ಅಪ್ಪ ಅವನನ್ನು ಬೆನ್ನಿಗೆ ಹಾಕಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದ.

ಬೆಂಗಳೂರಿಗೆ ಕರೆದೊಯ್ದರೂ ಕಣ್ಣು ಉಳಿಯಲಿಲ್ಲ. ಕೇಳಲು ಬಂದ ಪೊಲೀಸಿನವರಿಗೆ ಚಿಕ್ಕಪ್ಪ, "ತಗಡು ಕೀಳೋವಾಗ ಹಾರಿ ಬಡೀತು ಸಾರ್" ಎಂದನಂತೆ. ಮಾರನೆಯ ದಿನ ಒಬ್ಬನೇ ಮನೆಗೆ ಬಂದ ಅಪ್ಪ ಕೈಕಾಲು ಕೂಡ ತೊಳೆಯದೆ ಅದೇ ಮಚ್ಚು ಎತ್ತಿಕೊಂಡ. ಮಿಷನ್ನಿಗೆ ಹೊಡೆದ. ಹಿಡಿ ಮುರಿದಾಗ ಗುಂಡುಕಲ್ಲು ತಂದು ಹೊಡೆದ. ಗಾಜು, ಪಂಪು, ಕೊಳವೆ ಎಲ್ಲ ನೆಲಕ್ಕೆ ಬಂದವು. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ಅವ್ವ ಅವನನ್ನು ತಡೆಯಲಿಲ್ಲ. ಉಳಿದಿದ್ದ ಅಂಚುಗಳನ್ನೆಲ್ಲ ಮಡಿಲಲ್ಲಿ ತುಂಬಿ ಬಚ್ಚಲೊಲೆಗೆ ಹಾಕಿದಳು. ಅರಗು ಚಟಪಟನೆ ಸಿಡಿದು ಉರಿಯಿತು. ಆ ಉರಿಯಲ್ಲಿ ಕಾದ ನೀರಲ್ಲೇ ನನಗೆ ಸ್ನಾನ ಮಾಡಿಸಿದಳು.

ಚಿಕ್ಕಪ್ಪ ಮತ್ತೆ ನಮ್ಮ ಮನೆಯಲ್ಲಿ ಇರಲಿಲ್ಲ. ಮಾಗಡಿಗೆ ಹೋಗಿ ಸಾವನದುರ್ಗದ ರಸ್ತೆಯಲ್ಲಿ ಎಳನೀರು ಇಟ್ಟುಕೊಂಡ. ಮದುವೆ, ಮಕ್ಕಳು ಎಲ್ಲ ಆಯಿತು. ಅಣ್ಣತಮ್ಮಂದಿರು ಮಾತು ಬಿಡಲಿಲ್ಲ. ನೆಂಟರ ಮನೆಗಳಲ್ಲಿ ಸಿಕ್ಕಾಗ ಮಳೆ ಬೆಳೆ ವಿಚಾರಿಸಿಕೊಳ್ಳುತ್ತಿದ್ದರು. ಆಮೇಲೆ ಅಪ್ಪ ಯಾರ ಮೇಲೂ ಕೈ ಎತ್ತಲಿಲ್ಲ. ಚೀಲದಿಂದ ಪಟ್ಟಿ ಹೇಗೆ ಅವನ ಕೈಗೆ ಬಂತೆಂದು ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ತಿಥಿ ಮುಗಿದ ಮೇಲೆ ನಾನೊಬ್ಬಳೇ ಮಾಗಡಿಗೆ ಹೋದೆ. ಚಿಕ್ಕಪ್ಪ ಎಳನೀರು ಕೊಚ್ಚುತ್ತಿದ್ದ. ನಿಂತಲ್ಲೇ ಹೇಳಿಬಿಟ್ಟೆ: "ಚಿಕ್ಕಪ್ಪ, ಆವತ್ತು ಅಪ್ಪಂಗೆ ಪಟ್ಟಿ ಕೊಟ್ಟಿದ್ದು ನಾನು."

ಅವನು ಕಾಯಿ ಕೆತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣವ್ವ. ಆ ಕಣ್ಣು ಕೊನೇಗೆ ನೋಡಿದ್ದು ನಿನ್ನನ್ನೇ" ಎಂದ. ಆಮೇಲೆ ಎಳನೀರು ಚಾಚಿ, "ಕುಡೀರಿ. ಬಿಸ್ಲಲ್ಲಿ ಬಂದಿದ್ದೀರ" ಎಂದ.

ಈಗ ನನ್ನ ಮಗಳ ಶಾಲೆಯಲ್ಲಿ ಯಾರೂ ಮಕ್ಕಳನ್ನು ಹೊಡೆಯುವುದಿಲ್ಲ. ಅದು ಕಳೆದುಹೋಗಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೊಡ್ಡಮಳೂರಿನವರೆಗೆ ನಡೆದವನು, ಕೀಟಲೆ ಮಾಡಿದರೆ 'ಹೋಗೇ ಕತ್ತೆ' ಎಂದು ಬೈಯುತ್ತಿದ್ದ ಚಿಕ್ಕಪ್ಪ, ಆ ಬೇಸಿಗೆಯಿಂದ ಈಚೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾನೆ. ಬನ್ನಿ, ಕೂತ್ಕಳಿ, ಮಕ್ಕಳು ಚೆನ್ನಾಗವ್ರಾ. ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ 'ನೀನು' ಎಂದು ಕೇಳಿದ್ದು, ಆ ಕಣ್ಣಿನ ಮಾತು ಆಡಿದಾಗ, ಅದೊಂದೇ ಸಲ.