ಡಾಕ್ಟರನ ಕೈ ಹಿಡಿದ ನೀಲಾಬಾಯಿ

ಕ್ಷಮೆ ದೊಡ್ಡ ಗುಣ ಎನ್ನುವವರು ಇದನ್ನು ಓದದಿದ್ದರೂ ನಡೆದೀತು. ನಮ್ಮ ಮಕ್ಕಳ ವಾರ್ಡಿನ ನರ್ಸ್ ನೀಲಾಬಾಯಿ ವರ್ಷಗಟ್ಟಲೆ ಒಬ್ಬನ ಮೇಲೆ ಹಲ್ಲು ಮಸೆದಳು. ಜೊತೆಗೆ ಕೆಲಸ ಮಾಡುವ ನಾನೂ ಮಸೆದೆ.

ಅವನು ಡಾಕ್ಟರ್ ಶಶಿಕಾಂತ. ನಮ್ಮ ಮಹಾನಗರದ ವಿಕ್ರೋಳಿಯಲ್ಲಿ, ಕೂಲಿಕಾರರು ಒತ್ತೊತ್ತಾಗಿ ಬದುಕುವ ಚಾಳುಗಳ ನಡುವೆ ಅವನ ಕ್ಲಿನಿಕ್. ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆಲ್ಲ ಅವನೇ ಬೇಕು. ಕನ್ನಡ ಮಾತಾಡುತ್ತಾನೆ, ಕೇಳಿದ ಕೂಡಲೇ ಸಲಾಯಿನ್ ಹಚ್ಚುತ್ತಾನೆ. ಬಾಟಲಿ ಬೇಗ ಖಾಲಿಯಾದಷ್ಟೂ ಬೇಗ ಗುಣ ಎಂದು ನಮ್ಮವರ ನಂಬಿಕೆ. ಆಗಿನ್ನೂ ನರ್ಸ್ ಆಗಿರದ ನೀಲಾಬಾಯಿಯೂ ನಂಬಿದ್ದಳು. ಭೇದಿಯಾಗಿ ಎಲುಬು ಚರ್ಮ ಒಂದಾಗಿದ್ದ ಮಗಳು ದಾನವ್ವನನ್ನು ಅವನ ಮಂಚದ ಮೇಲೆ ಮಲಗಿಸಿ, “ಜಲ್ದಿ ಬಿಡ್ರಿ ಸಾಹೇಬ್ರ” ಎಂದವಳು ಅವಳೇ. ಅವನು ಬಿಟ್ಟ. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಕೂಸಿಗೆ ಏದುಸಿರು ಹತ್ತಿ, ಹೋಗಿಬಿಟ್ಟಿತು. “ದೇವರ ಇಚ್ಛಾ” ಎಂದು ಅವನು ಮುಂದಿನ ಪೇಶಂಟನ್ನು ಕರೆದ.

ಮುಂದೆ ಹಟ ಹಿಡಿದು ನರ್ಸಿಂಗ್ ಓದುವಾಗ ಅವಳಿಗೆ ತಿಳಿಯಿತು. ಹೊಟ್ಟೆಗಿಲ್ಲದೆ ಸೊರಗಿದ ಮಗುವಿನ ಹೃದಯಕ್ಕೂ ಶಕ್ತಿ ಇರುವುದಿಲ್ಲ. ಒಮ್ಮೆಲೇ ನೀರು ನುಗ್ಗಿದರೆ ಅದು ತಾಳುವುದಿಲ್ಲ. ಅಂದಿನಿಂದ ಅವಳಿಗೆ ಒಂದೇ ಆಸೆ: ಅವನು ನಾಲ್ಕು ಜನರೆದುರು ಸಿಕ್ಕಿಬೀಳಬೇಕು.

ಹೋದ ಜೂನ್‌ನಲ್ಲಿ ಸಿಕ್ಕ. ಅಪ್ಪಿ ಎಂಬ ಐದು ಕಿಲೋದ, ಒಂದೂವರೆ ವರ್ಷದ ಕೂಸಿಗೆ ಸಲಾಯಿನ್ ಹಚ್ಚಲು ನರ ಸಿಗದೆ, ಅದನ್ನು ತಾಯಿಯ ಜೊತೆ ತಾನೇ ರಿಕ್ಷಾದಲ್ಲಿ ನಮ್ಮ ವಾರ್ಡಿಗೆ ತಂದ. ಭೇದಿಯಿಂದ ಕೂಸಿನ ಕೈಕಾಲು ತಣ್ಣಗಾಗಿದ್ದವು, ಎಚ್ಚರವಿರಲಿಲ್ಲ, ನಾಡಿ ಕೈಗೆ ಸಿಗುತ್ತಿರಲಿಲ್ಲ. ವಾರ್ಡಿನ ಡಾಕ್ಟರ್ ಸ್ನೇಹಲ್ ಹೇಗೋ ನರ ಹುಡುಕಿ ಗ್ಲೂಕೋಸ್ ಕೊಟ್ಟು ಡ್ರಿಪ್ ಹಚ್ಚಿದರು. “ಶಾಕ್ ಇದು, ರಕ್ತದ ಓಟ ಕುಸಿದಿದೆ. ತಾಸಿಗೆ ಎಪ್ಪತ್ತೈದು ಎಂಎಲ್, ಅಷ್ಟೇ” ಎಂದು ಆಂಟಿಬಯಾಟಿಕ್ ತಯಾರು ಮಾಡಲು ತಿರುಗಿದರು.

ಶಶಿಕಾಂತನಿಗೆ ತಡೆಯಲಾಗಲಿಲ್ಲ. “ಹನಿ ಹನಿ ಬಿಟ್ರ ಕೂಸು ಸಾಯತೈತಿ” ಎನ್ನುತ್ತ ಡ್ರಿಪ್ಪಿನ ವೇಗ ಏರಿಸುವ ಗಾಲಿಗೆ ಕೈ ಹಾಕಿದ.

ನೀಲಾಬಾಯಿ ಸುಮ್ಮನಿದ್ದರೆ ಸಾಕಿತ್ತು. ಕೂಸು ಅವನ ಕೈಯಲ್ಲೇ ಹೋಗುತ್ತಿತ್ತು, ವಾರ್ಡಿಗೆ ವಾರ್ಡೇ ಸಾಕ್ಷಿಯಾಗುತ್ತಿತ್ತು. ಹಾಗೇ ಆಗಲಿ ಎಂದು ನನಗೂ ಒಂದು ಕ್ಷಣ ಅನಿಸಿತು, ಈಗ ನಾಚಿಕೆಯಾಗುತ್ತದೆ. ಅವಳು ಅವನ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಳು.

“ಕೈ ತಗೀರಿ. ಇಲ್ಲೇ ಕೂತು ಕೂಸಿನ ಉಸಿರು ಎಣಸ್ರಿ. ಹತ್ತ ಹತ್ತ ಮಿನಿಟಿಗೆ ನನಗ ಹೇಳ್ರಿ. ಏರಿದ್ರ ನೀರು ಬಂದ್ ಮಾಡೋದೈತಿ.”

ಬೆವರು ಒರೆಸಿಕೊಳ್ಳುತ್ತ ಎಣಿಸಿದ. ಮೊದಲು ನಿಮಿಷಕ್ಕೆ ಅರವತ್ತು, ಆಮೇಲೆ ಐವತ್ತೆಂಟು. ಎರಡು ಸಲ ಲೆಕ್ಕ ತಪ್ಪಿದ. ಎರಡು ಸಲವೂ ಅವಳು ಮೊದಲಿನಿಂದ ಎಣಿಸಲು ಹಚ್ಚಿದಳು. ತಾಸು ಮುಗಿಯುವಾಗ ನಲವತ್ತಾರಕ್ಕೆ ಇಳಿದಿತ್ತು. ನಾಡಿ ಬಲವಾಗಿತ್ತು. ಅಪ್ಪಿ ಕಣ್ಣು ಬಿಟ್ಟು ಸಣ್ಣಗೆ ಅತ್ತಿತು.

ಆಗ ನೀಲಾಬಾಯಿ ಬಾಯಿ ಬಿಟ್ಟಳು. “ಹನ್ನೊಂದು ವರ್ಷದ ಹಿಂದ ನನ್ನ ದಾನವ್ವಗ ಬಾಟ್ಲಿ ಹಚ್ಚಿ ನೀವು ಹೊಳ್ಳಿ ನೋಡಲಿಲ್ಲ. ಹಿಂಗ ಎಣಿಸಿದ್ರ ಅಕಿ ಉಳೀತಿದ್ಲು.”

ದಾನವ್ವ ಯಾರೆಂದು ಅವನಿಗೆ ನೆನಪಿರಲಿಲ್ಲ. ಆದರೂ ಮುಖ ಬಿಳಿಚಿತು. “ಬಾಯಾರ... ಹಂಗ ಹೋದ ಕೂಸುಗೋಳು ಭಾಳ ಅದಾವ” ಎಂದ. ಆಮೇಲೆ ಕೈ ಮುಗಿದ. “ಮಾಫ್ ಮಾಡ್ರಿ.”

“ಮಾಡಂಗಿಲ್ಲ” ಎಂದಳು ಅವಳು. “ಇನ್ನೊಂದು ತಾಸಿನ ನೀರು ಐತಿ. ಎಣಸ್ರಿ.”